ಮಳೆಯೂ ಮಾರ್ಗವೂ: ಮೆಕಾಡಮನ ಜೀವನ ಚರಿತ್ರೆ

ಮುಂಗಾರು ಹಿಡಿದು ಒಂದು ಪಕ್ಷ ಕಳೆಯುವುದರೊಳಗಾಗಿ ನಮ್ಮ ಕಾರ್ಯಾಲಯಕ್ಕೆ ಬರುವ ಪತ್ರಗಳಲ್ಲಿ ಬಹುಭಾಗವು ರಸ್ತೆಗಳ ವಿಷಯವಾಗಿಯೇ ಇರುವುದು. ಮೋರಿ ಕುಸಿಯಿತು, ಊರಿಗೆ ಬಸ್ಸು ನಿಂತಿತು, ಬೇಸಗೆಯಲ್ಲಿ ಹಾಕಿದ ಡಾಂಬರು ಆಷಾಢ ಹುಟ್ಟುವ ಮೊದಲೇ ಕಿತ್ತುಹೋಯಿತು ಎಂಬಿವೇ ಅವುಗಳ ಸಾರ. ದೂರುಗಳೆಲ್ಲವೂ ಗುತ್ತಿಗೆದಾರನ ಕಡೆಗೋ ಇಂಜಿನಿಯರನ ಕಡೆಗೋ ಬೆರಳು ಚಾಚುತ್ತವೆ. ನೀರಿನ ಕಡೆಗೆ ಬೆರಳು ತೋರುವ ಪತ್ರ ಅಪೂರ್ವ. ರಸ್ತೆಗೆ ನೀರಿಗಿಂತ ದೊಡ್ಡ ಶತ್ರುವಿಲ್ಲವೆಂದು ಎರಡು ನೂರು ವರ್ಷಗಳ ಹಿಂದೆ ಒಬ್ಬನು ಮನಗಂಡು, ಅದೊಂದೇ ಮಾತನ್ನು ಹಿಡಿದು ಮುಪ್ಪಿನವರೆಗೂ ದುಡಿದನು. ಅವನ ಹೆಸರು ನಮ್ಮ ಲೋಕೋಪಯೋಗಿ ಇಲಾಖೆಯ ಟೆಂಡರು ಕಾಗದಗಳಲ್ಲಿ ಇಂದಿಗೂ ಅಚ್ಚಾಗುತ್ತಿದೆ. ವೆಟ್ ಮಿಕ್ಸ್ ಮೆಕಾಡಂ, ಡೆನ್ಸ್ ಬಿಟುಮಿನಸ್ ಮೆಕಾಡಂ ಎಂದು ದಿನವೂ ಬರೆಯುವ ಗುಮಾಸ್ತರಲ್ಲಿಯೂ ಮೆಕಾಡಂ ಎಂಬುದು ಒಂದು ಬಗೆಯ ಜಲ್ಲಿಯ ಹೆಸರೆಂದು ತಿಳಿದವರುಂಟು.

ಈ ಚರಿತ್ರೆಯನ್ನು ಈಗ ಬರೆಯಲು ಕಾರಣವೂ ಇದೆ. ಮಳೆಯ ಸ್ವಭಾವವೇ ಬದಲಾಗಿರುವುದು. ವಾತಾವರಣವು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹೊರಬಲ್ಲ ನೀರಾವಿಯು ನೂರಕ್ಕೆ 7ರಷ್ಟು ಹೆಚ್ಚುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಮಧ್ಯಭಾರತದ ಉದ್ದಗಲಕ್ಕೆ ಒಮ್ಮೆಲೇ ಸುರಿಯುವ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರೊಳಗೆ ಸುಮಾರು ಮೂರು ಪಟ್ಟು ಆದುವೆಂದು ಹವಾಮಾನ ಶಾಸ್ತ್ರಜ್ಞರು ಕಂಡುಹಿಡಿದಿರುವರು. ವಾರವಿಡೀ ಬರುತ್ತಿದ್ದ ಮಳೆಯು ಒಂದೇ ರಾತ್ರಿಯಲ್ಲಿ ಬಂದರೆ ರಸ್ತೆಯ ಗತಿಯೇನು? ಇದಕ್ಕೆ ಉತ್ತರವನ್ನು ಹುಡುಕುವವರು ಮೊದಲು ಮೆಕಾಡಮನ ಬಳಿಗೆ ಹೋಗಬೇಕೆಂದು ನಮ್ಮ ಅಭಿಪ್ರಾಯ.

ಜಾನ್ ಲೌಡನ್ ಮೆಕಾಡಮನು 1756ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡ್ ದೇಶದ ಏರ್ ಪಟ್ಟಣದಲ್ಲಿ ಜನಿಸಿದನು. ಮನೆತನವು ಹಳೆಯದು, ಸಂಪತ್ತು ಕ್ಷೀಣಿಸಿದ್ದಿತು. 1770ರಲ್ಲಿ ತಂದೆಯು ತೀರಿಕೊಳ್ಳಲು, ಹದಿನಾಲ್ಕು ವರ್ಷದ ಹುಡುಗನನ್ನು ಅಮೆರಿಕೆಯ ನ್ಯೂಯಾರ್ಕಿನಲ್ಲಿ ವ್ಯಾಪಾರಿಯಾಗಿದ್ದ ಚಿಕ್ಕಪ್ಪನ ಬಳಿಗೆ ಕಳುಹಿಸಿದರು. ಅಲ್ಲಿ ಅವನು ವ್ಯಾಪಾರವನ್ನು ಕಲಿತು, 1778ರಲ್ಲಿ ಅಲ್ಲಿಯ ನಿಕೊಲ್ ಮನೆತನದ ಕನ್ಯೆಯನ್ನು ವಿವಾಹವಾದನು. ಅಮೆರಿಕದವರು ಇಂಗ್ಲೆಂಡಿನ ಆಳ್ವಿಕೆಯನ್ನು ಕಿತ್ತೊಗೆಯಲು ಯುದ್ಧ ಹೂಡಿದಾಗ ಮೆಕಾಡಮನು ದೊರೆಯ ಪಕ್ಷವನ್ನು ಹಿಡಿದನು. ಯುದ್ಧದಲ್ಲಿ ಸೆರೆಸಿಕ್ಕ ಹಡಗುಗಳ ಸರಕನ್ನು ಮಾರಿಸಿಕೊಡುವ ಏಜೆಂಟನಾಗಿ ದ್ರವ್ಯವನ್ನೂ ಗಳಿಸಿದನು. ಪರರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ನಾವು ಈ ಆಯ್ಕೆಯನ್ನು ಮೆಚ್ಚಲಾರೆವು. ಆದರೆ ಚರಿತ್ರೆಯನ್ನು ಬರೆಯುವವರು ಇದನ್ನು ಮುಚ್ಚಿಡುವುದೂ ತರವಲ್ಲ. ಯುದ್ಧದಲ್ಲಿ ಅವನ ಪಕ್ಷವು ಸೋತಿತು, ಆಸ್ತಿಯ ಹೆಚ್ಚಿನ ಪಾಲು ಕೈಬಿಟ್ಟಿತು. 1783ರಲ್ಲಿ ಹೆಂಡತಿಮಕ್ಕಳೊಡನೆ ಸ್ವದೇಶಕ್ಕೆ ಹಿಂತಿರುಗಿ, ಉಳಿದ ಹಣದಿಂದ ಏರ್ ಸೀಮೆಯಲ್ಲಿ ಸಾಕ್ರಿ ಎಂಬ ಜಹಗೀರನ್ನು ಕೊಂಡನು.

ಭೂಮಾಲೀಕನಾದವನಿಗೆ ಆ ಕಾಲದಲ್ಲಿ ರಸ್ತೆಯ ಟ್ರಸ್ಟಿಯ ಪದವಿಯು ತಾನಾಗಿಯೇ ಬರುತ್ತಿತ್ತು. ಬ್ರಿಟನ್ನಿನ ಹೆದ್ದಾರಿಗಳನ್ನು ಆಗ ಸರಕಾರವು ನೋಡಿಕೊಳ್ಳುತ್ತಿರಲಿಲ್ಲ. ಪಾರ್ಲಿಮೆಂಟಿನ ಅಪ್ಪಣೆ ಪಡೆದ ಟ್ರಸ್ಟುಗಳು ದಾರಿಗೆ ಅಡ್ಡಲಾಗಿ ಸುಂಕದ ಕಟ್ಟೆಗಳನ್ನು ಕಟ್ಟಿ, ಬಂಡಿಗಿಷ್ಟು ಕುದುರೆಗಿಷ್ಟು ಎಂದು ವಸೂಲು ಮಾಡಿ, ಆ ಹಣದಿಂದ ದಾರಿಯನ್ನು ದುರಸ್ತಿಪಡಿಸಬೇಕಾಗಿತ್ತು. (ಬೆಂಗಳೂರಿನ ಸುಂಕದಕಟ್ಟೆಯ ನಿವಾಸಿಗಳಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾಗಿಲ್ಲ.) ಇಂಥ ಟ್ರಸ್ಟುಗಳು ಬರಬರುತ್ತ ಸಾವಿರದ ಸಂಖ್ಯೆಯನ್ನು ಮುಟ್ಟಿದುವು. ಸುಂಕವೇನೋ ತಪ್ಪದೆ ವಸೂಲಾಗುತ್ತಿತ್ತು. ದಾರಿಗಳು ಮಾತ್ರ ಕೆಸರಿನ ಹೊಂಡಗಳಾಗಿಯೇ ಉಳಿದುವು. ಕೆಲಸದ ಮೇಲ್ವಿಚಾರಣೆಗೆ ಟ್ರಸ್ಟಿಗಳು ತಮ್ಮ ಬಂಟರನ್ನೋ, ಬೇರೆ ಕಸುಬಿನಲ್ಲಿ ಸೋತುಬಂದ ವೃದ್ಧರನ್ನೋ ನೇಮಿಸುತ್ತಿದ್ದರು. ಅವರು ಹೊಂಡ ಕಂಡಲ್ಲಿ ದೊಡ್ಡ ದೊಡ್ಡ ಕಲ್ಲುಗಳನ್ನು ತುಂಬಿ ಮೇಲೆ ಜೇಡಿಮಣ್ಣನ್ನು ಸುರಿಸುವರು. ನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಮೀನಿನ ಬೆನ್ನಿನಂತೆ ಉಬ್ಬಿಸುವರು. ಉಬ್ಬು ಹೆಚ್ಚಾದುದರಿಂದ ಗಾಡಿಗಳೆಲ್ಲ ಅಂಚಿಗೆ ಉರುಳುವ ಭಯದಿಂದ ನಟ್ಟನಡುವೆ ಒಂದೇ ಜಾಡಿನಲ್ಲಿ ಹೋಗಿ ಅಲ್ಲಿ ಎರಡು ಕಾಲುವೆಗಳನ್ನು ತೋಡಿಬಿಡುತ್ತಿದ್ದುವು.

ಅದೇ ಕಾಲದಲ್ಲಿ ಮೆಕಾಡಮನು ಮ್ಯೂರ್‌ಕರ್ಕ್ ಎಂಬಲ್ಲಿ ಕಲ್ಲಿದ್ದಲಿನಿಂದ ಟಾರು ಇಳಿಸುವ ಗೂಡುಗಳ ಉದ್ಯಮದಲ್ಲಿಯೂ ಕೈಹಾಕಿದ್ದನು. ಆ ಟಾರು ಹಡಗುಗಳ ತಳಕ್ಕೆ ಬಳಿಯಲು ಹೋಗುತ್ತಿತ್ತು. ಅದನ್ನು ರಸ್ತೆಗೆ ಬಳಿಯಬಹುದೆಂಬ ಯೋಚನೆಯನ್ನು ಅವನು ತನ್ನ ಪದ್ಧತಿಯೊಳಕ್ಕೆ ಎಂದೂ ತರಲಿಲ್ಲ.

1798ರಲ್ಲಿ ನೌಕಾಪಡೆಗೆ ದವಸಧಾನ್ಯ ಒದಗಿಸುವ ಕೆಲಸದ ಮೇಲೆ ಇಂಗ್ಲೆಂಡಿನ ಫಾಲ್ಮತ್ ಬಂದರಿಗೂ, ಕೆಲವು ವರ್ಷಗಳ ತರುವಾಯ ಬ್ರಿಸ್ಟಲ್ ನಗರಕ್ಕೂ ಬಂದು ನೆಲಸಿದನು. ಈ ಅವಧಿಯಲ್ಲಿ ದಾರಿಗಳನ್ನು ನೋಡುವುದೇ ಅವನಿಗೆ ಒಂದು ವ್ಯಸನವಾಯಿತು. ದೇಶದ ಮೂಲೆಮೂಲೆಗೂ ಸ್ವಂತ ಖರ್ಚಿನಿಂದ 30,000 ಮೈಲಿಗಳಷ್ಟು ಸಂಚರಿಸಿ, ಇದಕ್ಕಾಗಿ 5,000 ಪೌಂಡುಗಳಿಗೂ ಮಿಕ್ಕಿ ವ್ಯಯಮಾಡಿದುದಾಗಿ ಅವನೇ ಲೆಕ್ಕ ಕೊಟ್ಟಿರುವನು. ಅವನು ಇಂಜಿನಿಯರ್ ವಿದ್ಯೆಯನ್ನು ಯಾವ ಗುರುವಿನಲ್ಲಿಯೂ ಓದಿದವನಲ್ಲ. ಎಲ್ಲಿ ದಾರಿ ಕೆಟ್ಟಿದೆ, ಏಕೆ ಕೆಟ್ಟಿದೆ ಎಂಬೆರಡೇ ಪ್ರಶ್ನೆಗಳನ್ನು ಕೇಳುತ್ತ ವರ್ಷಾನುಗಟ್ಟಲೆ ತಿರುಗಿದುದೇ ಅವನ ವಿದ್ಯಾಭ್ಯಾಸ.

ಅವನು ಕಂಡುಕೊಂಡ ತತ್ತ್ವವು ಬಹಳ ಸರಳವಾದುದು. ಭಾರವನ್ನು ಹೊರುವುದು ಕಲ್ಲಲ್ಲ, ಅದರ ಕೆಳಗಿರುವ ನೆಲ. ನೆಲವು ಒಣಗಿರುವವರೆಗೆ ಅದು ಎಂಥ ಭಾರವನ್ನಾದರೂ ತಾಳಬಲ್ಲದು; ನೆನೆಯಿತೆಂದರೆ ಅದರ ಮೇಲೆ ಎಷ್ಟು ಕಲ್ಲು ಪೇರಿಸಿದರೂ ವ್ಯರ್ಥ. ಆದುದರಿಂದ ಕಲ್ಲಿನ ಹಾಸು ನೆಲಕ್ಕೆ ಹೊದಿಸಿದ ಒಂದು ಮಾಡು ಮಾತ್ರ. ರಸ್ತೆ ಹಾಕುವವನು ಮೊದಲು ನೀರಿನ ಮಟ್ಟಕ್ಕಿಂತ ಮೇಲಿರುವಂತೆ ನೆಲವನ್ನು ಎತ್ತರಿಸಬೇಕು, ಎರಡು ಮಗ್ಗುಲಲ್ಲಿಯೂ ಚರಂಡಿ ತೋಡಿ ಆ ನೀರಿಗೆ ಹೊರದಾರಿಯನ್ನು ಕಾಣಿಸಬೇಕು. ಕಲ್ಲಿನ ಮಾತು ಅನಂತರದ್ದು. ಕಲ್ಲಾದರೋ ಒಟ್ಟು 10 ಅಂಗುಲ ದಪ್ಪವಿದ್ದರೆ ಸಾಕು. ಕೆಳಗಿನ 8 ಅಂಗುಲದಲ್ಲಿ 3 ಅಂಗುಲಕ್ಕಿಂತ ದೊಡ್ಡ ಕಲ್ಲು ಇರಕೂಡದು, ಮೇಲಿನ 2 ಅಂಗುಲಕ್ಕೆ ಇನ್ನೂ ಸಣ್ಣ ಜಲ್ಲಿ. ಯಾವ ಕಲ್ಲೂ 6 ಔನ್ಸ್, ಎಂದರೆ ನಮ್ಮ ಹಳೆಯ ತೂಕದಲ್ಲಿ ಸುಮಾರು 15 ತೊಲ, ಮೀರಕೂಡದು; ಮೇಸ್ತ್ರಿಗಳು ತಕ್ಕಡಿ ಹಿಡಿದು ತೂಗಿ ನೋಡಬೇಕು. ಆಗಿನ ಗಾಡಿಗಳ ಕಬ್ಬಿಣದ ಪಟ್ಟಿಯು 4 ಅಂಗುಲ ಅಗಲವಿರುತ್ತಿದ್ದುದರಿಂದ, ಅದಕ್ಕಿಂತ ಚಿಕ್ಕದಾದ ಕಲ್ಲು ಚಕ್ರದಡಿಯಲ್ಲಿ ಏಳದೆ ನೆರೆಯ ಕಲ್ಲಿನೊಡನೆ ಮೂಲೆಗೆ ಮೂಲೆ ಕಚ್ಚಿಕೊಳ್ಳುತ್ತಿತ್ತು. ಮಣ್ಣು, ಜೇಡಿ, ಸುಣ್ಣದ ಕಲ್ಲಿನ ಪುಡಿ ಇವೊಂದನ್ನೂ ಬೆರಸಕೂಡದೆಂಬುದು ಅವನ ಕಟ್ಟಪ್ಪಣೆ, ಏಕೆಂದರೆ ಅವು ನೀರನ್ನು ಹೀರುವ ವಸ್ತುಗಳು. 30 ಅಡಿ ಅಗಲದ ರಸ್ತೆಗೆ ನಡುವೆ 3 ಅಂಗುಲದ ಉಬ್ಬು ಮಾತ್ರ ಸಾಕೆಂದನು. ಮೀನಬೆನ್ನಿನ ರಸ್ತೆಗಳಿಗೆ ಇದೇ ಮದ್ದು.

ನೆಲವು ಗಟ್ಟಿಯಿಲ್ಲದಿದ್ದರೆ ಹೇಗೆ ಎಂದು ಕೇಳಿದವರಿಗೆ ಅವನು ಸಾಮರ್ಸೆಟ್ ಪ್ರಾಂತದ ಒಂದು ಜೌಗಿನ ಉದಾಹರಣೆಯನ್ನು ಕೊಡುತ್ತಿದ್ದನು. ಬ್ರಿಜ್‌ವಾಟರ್ ಪಟ್ಟಣದಿಂದ ಕ್ರಾಸ್ ಎಂಬ ಊರಿಗೆ ಹೋಗುವ ದಾರಿಯು ಎಷ್ಟು ಮೆತ್ತಗಿನ ನೆಲದ ಮೇಲೆ ಹಾಯುತ್ತಿತ್ತೆಂದರೆ, ಗಾಡಿಯು ಸಾಗುವಾಗ ಎರಡು ಕಡೆಯ ಚರಂಡಿಗಳ ನೀರು ನಡುಗುವುದು ಕಾಣಿಸುತ್ತಿತ್ತು. ಅದರ ಮುಂದುವರಿದ ಭಾಗವು ಬಂಡೆಯ ಮೇಲಿತ್ತು. ಎರಡರ ದುರಸ್ತಿಗೂ ಬೇಕಾದ ಕಲ್ಲನ್ನು ಲೆಕ್ಕಹಾಕಿದರೆ ಜೌಗಿನ ಭಾಗಕ್ಕೇ ಕಡಮೆ ಖರ್ಚು ಬೀಳುತ್ತಿತ್ತು. ಬಂಡೆಯ ಮೇಲೆ ಗಾಡಿಯ ಚಕ್ರಕ್ಕೂ ಬಂಡೆಗೂ ನಡುವೆ ಜಲ್ಲಿಯು ಅರೆಯಲ್ಪಡುವುದೆಂದೂ, ಮೆತ್ತಗಿನ ನೆಲವು ಜಲ್ಲಿಯನ್ನು ಮಿಡಿದು ಉಳಿಸುವುದೆಂದೂ ಅವನ ಸಮಾಧಾನ.

1816ರ ಆದಿಯಲ್ಲಿ ಬ್ರಿಸ್ಟಲ್ ಟ್ರಸ್ಟಿನವರು ಅರುವತ್ತರ ಅಂಚಿನಲ್ಲಿದ್ದ ಈ ಮನುಷ್ಯನಿಗೆ ತಮ್ಮ ಸುಮಾರು 150 ಮೈಲಿಗಳ ದಾರಿಯನ್ನು ಒಪ್ಪಿಸಿದರು. ಈ ವರ್ಷವನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಹಿಂದಿನ ವರ್ಷದ ಏಪ್ರಿಲಿನಲ್ಲಿ ಜಾವಾದ ಪೂರ್ವಕ್ಕಿರುವ ಸುಂಬಾವಾ ದ್ವೀಪದ ತಾಂಬೋರಾ ಜ್ವಾಲಾಮುಖಿಯು ಸಿಡಿದು ಅದರ ಧೂಳೂ ಗಂಧಕದ ಆವಿಯೂ ಆಕಾಶವನ್ನು ಮುಸುಕಿದ್ದುವು. ಅದರ ಫಲವಾಗಿ 1816ರಲ್ಲಿ ಯೂರೋಪಿಗೆ ಬೇಸಗೆಯೇ ಬರಲಿಲ್ಲ. ಬ್ರಿಟನ್ನಿನಲ್ಲಿ ತಿಂಗಳುಗಟ್ಟಲೆ ಚಳಿ, ಬಿಡದ ಮಳೆ. ಪೈರು ಕೊಳೆತು ಧಾನ್ಯದ ಬೆಲೆ ಏರಿತು. ಹವೆಯು ಹದಗೆಟ್ಟ ಅಂಥ ವರ್ಷದಲ್ಲಿ ಮೆಕಾಡಮನ ಪದ್ಧತಿಯು ದೊಡ್ಡ ಪ್ರಮಾಣದಲ್ಲಿ ಕಾರ್ಯರಂಗಕ್ಕೆ ಇಳಿದುದು ಕಾಕತಾಳೀಯವೇ ಸರಿ. ಆದರೂ ಅವನಿಗೆ ಅದಕ್ಕಿಂತ ಕಠಿನವಾದ ಪರೀಕ್ಷೆಯನ್ನು ಯಾರೂ ಒಡ್ಡಲಾರರು.

ಅವನು ಹೊಸ ಕಲ್ಲನ್ನು ತರಿಸಲು ಆತುರಪಡಲಿಲ್ಲ. ಹಳೆಯ ರಸ್ತೆಯನ್ನೇ ಅಗೆಸಿ, ಅದರೊಳಗೆ ಹೂತಿದ್ದ ದೊಡ್ಡ ಕಲ್ಲುಗಳನ್ನು ಬದಿಯಲ್ಲಿ ಒಡೆಸಿ, ಚರಂಡಿಗಳನ್ನು ತೆರೆಸಿ, ಅದೇ ಕಲ್ಲನ್ನು ಮತ್ತೆ ಹಾಸಿಸಿದನು. ಕಲ್ಲು ಒಡೆಯುವವರು ಕುಳಿತು ಸಣ್ಣ ಸುತ್ತಿಗೆಯಿಂದ ಒಡೆಯಬೇಕೆಂದು ಕ್ರಮ ಮಾಡಿದುದರಿಂದ ವೃದ್ಧರಿಗೂ ಹೆಂಗಸರಿಗೂ ಕೂಲಿ ಸಿಕ್ಕಿತು. ನೆಪೋಲಿಯನ್ನನ ಯುದ್ಧ ಮುಗಿದು ಸಹಸ್ರಾರು ಜನ ನಿರುದ್ಯೋಗಿಗಳಾಗಿದ್ದ ಆ ದಿನಗಳಲ್ಲಿ ಇದು ಸಣ್ಣ ಉಪಕಾರವಲ್ಲ. ಮಕ್ಕಳನ್ನೂ ಆ ಕೆಲಸಕ್ಕೆ ಹಚ್ಚಿದರೆಂಬುದನ್ನು ಮರೆಯದೆ ಹೇಳಬೇಕು. ಟ್ರಸ್ಟಿನ ಸಾಲವು ಇಳಿಯಿತು, ದಾರಿ ಸುಧಾರಿಸಿತು. ಇತರ ಟ್ರಸ್ಟುಗಳವರು ಅವನನ್ನೂ ಅವನ ಮಕ್ಕಳನ್ನೂ ಸಲಹೆಗೆ ಕರೆಯತೊಡಗಿದರು.

ಮೆಕಾಡಮನ ಕೀರ್ತಿಯಲ್ಲಿ ಅರ್ಧ ಭಾಗ ಜಲ್ಲಿಗೆ ಸಂದರೆ ಉಳಿದರ್ಧವು ಆಡಳಿತಕ್ಕೆ ಸಲ್ಲಬೇಕು. ರಸ್ತೆಯ ಮೇಲ್ವಿಚಾರಕನು ಆ ವಿದ್ಯೆಯನ್ನು ಬಲ್ಲವನಾಗಿರಬೇಕು, ಅದೇ ಅವನ ಪೂರ್ಣಕಾಲದ ಉದ್ಯೋಗವಾಗಿರಬೇಕು, ಆಸೆಬುರುಕತನಕ್ಕೆ ಎಡೆಯಿಲ್ಲದಷ್ಟು ಸಂಬಳ ಅವನಿಗೆ ದೊರೆಯಬೇಕು, ಲೆಕ್ಕವನ್ನು ಮೇಲಿನವರು ಪರಿಶೋಧಿಸಬೇಕು ಎಂದು ಅವನು ಪಾರ್ಲಿಮೆಂಟಿನ ಸಮಿತಿಗಳ ಮುಂದೆ ಮತ್ತೆ ಮತ್ತೆ ವಾದಿಸಿದನು. 1816ರಲ್ಲಿಯೂ 1819ರಲ್ಲಿಯೂ ಈ ವಿಷಯವಾಗಿ ಗ್ರಂಥಗಳನ್ನು ಪ್ರಕಟಿಸಿದನು. 1827ರಲ್ಲಿ ರಾಜಧಾನಿಯ ಸುತ್ತಣ ರಸ್ತೆಗಳ ಸರ್ವೇಯರ್ ಜನರಲ್ ಪದವಿಯು ಅವನಿಗೆ ಬಂದಿತು.

ಒಡೆದ ಕಲ್ಲಿನ ರಸ್ತೆಯನ್ನು ಅವನೇ ಮೊದಲು ಕಂಡುಹಿಡಿದನೆಂದು ಹೇಳುವುದು ಅತಿಶಯೋಕ್ತಿಯಾದೀತು. ಫ್ರಾನ್ಸಿನಲ್ಲಿ ಟ್ರೆಸಾಗೆ ಎಂಬ ಇಂಜಿನಿಯರನು ಅವನಿಗಿಂತ ಮೊದಲೇ ತೆಳುವಾದ ಜಲ್ಲಿಯ ಪದರವನ್ನೂ ನಿತ್ಯದ ದುರಸ್ತಿಯನ್ನೂ ಬಳಕೆಗೆ ತಂದಿದ್ದನು. ಸ್ಕಾಟ್ಲೆಂಡಿನವನೇ ಆದ, ಕುರುಬನ ಮಗನಾಗಿ ಹುಟ್ಟಿ ಕಲ್ಲುಕುಟಿಗನಾಗಿ ಬೆಳೆದ ಥಾಮಸ್ ಟೆಲ್ಫರ್ಡನು ಕೈಯಿಂದ ಜೋಡಿಸಿದ ದೊಡ್ಡ ಕಲ್ಲಿನ ತಳಹದಿಯ ಮೇಲೆ ಬಹು ಕಾಲ ನಿಲ್ಲುವ ದಾರಿಗಳನ್ನು ಹಾಕಿದನು. ಭಾರಿ ವಾಹನಗಳ ದೃಷ್ಟಿಯಿಂದ ನೋಡಿದರೆ ತಳಹದಿಯ ವಿಷಯದಲ್ಲಿ ಟೆಲ್ಫರ್ಡನ ಪಕ್ಷವೇ ಬಲವಾದುದು. ಆದರೆ ಅವನ ರಸ್ತೆಗೆ ತಗಲುತ್ತಿದ್ದ ಹಣದಲ್ಲಿ ಮೆಕಾಡಮನು ಅದರ ಎಷ್ಟೋ ಪಟ್ಟು ಉದ್ದದ ದಾರಿಯನ್ನು ಒಣಗಿಸಿ ಕೊಡಬಲ್ಲವನಾಗಿದ್ದನು. ಬಡ ದೇಶಗಳು ಅವನನ್ನು ಆರಿಸಿಕೊಂಡುದು ಇದಕ್ಕಾಗಿಯೇ.

ನಮ್ಮ ದೇಶಕ್ಕೆ ಆ ಪದ್ಧತಿಯು ದಂಡಿನೊಡನೆಯೂ ವ್ಯಾಪಾರದೊಡನೆಯೂ ಬಂದಿತು. ಉತ್ತರದ ಹೆದ್ದಾರಿಗೆ ಜಲ್ಲಿಯ ಬದಲು ಕಂಕರವನ್ನು ಹಾಸಿದರು. ಮೈಸೂರಿನಲ್ಲಿ ಮಾರ್ಕ್ ಕಬ್ಬನ್ನನು ಕಮಿಷನರಾಗಿದ್ದ 1834ರಿಂದ 1861ರವರೆಗಿನ ಅವಧಿಯಲ್ಲಿ ಗಾಡಿ ರಸ್ತೆಗಳು ಹಬ್ಬಿದುವು. ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟಾ ಬಂದರನ್ನು ಸೇರಿತು. ಆಳುವವರ ಉದ್ದೇಶವೇನೇ ಇರಲಿ, ದಾರಿಗಳು ನಮ್ಮವಾಗಿ ಉಳಿದುವು. ಮಳೆಯಾದರೋ ಇಂಗ್ಲೆಂಡಿನದಾಗಿರಲಿಲ್ಲ. ಅಲ್ಲಿನ ತುಂತುರಿಗೆ 60ಕ್ಕೆ 1ರ ಓಟವು ಸಾಕಾಗಿದ್ದರೆ, ಮಳೆ ಹೆಚ್ಚಿರುವ ಸೀಮೆಯ ತೆಳುವಾದ ಡಾಂಬರು ಹಾಸಿಗೆ 40ಕ್ಕೆ 1ರ ಓಟವಿರಬೇಕೆಂದು ನಮ್ಮ ರಸ್ತೆ ನಿಯಮಗಳು ಹೇಳುತ್ತವೆ. ಅವನ ಅಂಕೆಗಳನ್ನು ಕುರುಡಾಗಿ ಅನುಸರಿಸಬೇಕಾದುದಿಲ್ಲ, ಅವನ ನ್ಯಾಯವನ್ನು ಅನುಸರಿಸಬೇಕು.

ಮೋಟಾರು ಗಾಡಿ ಬಂದ ಮೇಲೆ ಜಲ್ಲಿಯ ರಸ್ತೆಯು ತಾಳಲಿಲ್ಲ. ಕಬ್ಬಿಣದ ಪಟ್ಟಿಯು ಜಲ್ಲಿಯನ್ನು ಒತ್ತಿ ಬಿಗಿಗೊಳಿಸುತ್ತಿದ್ದರೆ ವೇಗವಾಗಿ ಓಡುವ ರಬ್ಬರು ಚಕ್ರವು ನಡುವಿನ ಧೂಳನ್ನು ಹೀರಿ ಹೊರಗೆ ಚೆಲ್ಲುತ್ತಿತ್ತು. 1902ರಲ್ಲಿ ಇಂಗ್ಲೆಂಡಿನ ಹೂಲಿ ಎಂಬ ಸರ್ವೇಯರನು ಜಲ್ಲಿಗೆ ಟಾರನ್ನು ಬೆರಸುವ ಪೇಟೆಂಟು ಪಡೆದನು. ಟಾರಿನ ಹೆಸರಿಗೆ ಮೆಕಾಡಮನ ಹೆಸರಿನ ಮೊದಲ ತುಂಡನ್ನು ಅಂಟಿಸಿ ಟಾರ್‌ಮ್ಯಾಕ್ ಎಂಬ ಪದ ಹುಟ್ಟಿತು. ಮ್ಯೂರ್‌ಕರ್ಕಿನ ಗೂಡುಗಳ ಒಡೆಯನಿಗೆ ಕಾಲವು ಮಾಡಿದ ವಿನೋದವೆಂದರೆ ಇದು.

ಆದರೆ ಈ ಕರಿಯ ಹಾಸಿನಿಂದ ಒಂದು ಮರೆವೂ ಹಬ್ಬಿತು. ಮೇಲಿನಿಂದ ನೀರು ಇಳಿಯದೆಂಬ ಧೈರ್ಯದಿಂದ ಪಕ್ಕದ ಚರಂಡಿಯನ್ನು ಕೇಳುವವರಿಲ್ಲವಾದರು. ಡಾಂಬರಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಒಳಹೊಕ್ಕು, ಲಾರಿಯ ಚಕ್ರದ ಒತ್ತಡದಿಂದ ಜಲ್ಲಿಗೂ ಡಾಂಬರಿಗೂ ಇರುವ ಅಂಟನ್ನು ಬಿಡಿಸುತ್ತದೆ. ಹೆಚ್ಚಿದ ಬಿಸಿಲು ಡಾಂಬರನ್ನು ಮೊದಲು ಮೆತ್ತಗೆ ಮಾಡಿ ಜಾಡುಗಳನ್ನು ಮೂಡಿಸಿ, ಕ್ರಮೇಣ ಒಣಕಲಾಗಿಸಿ ಬಿರಿಯಿಸುತ್ತದೆ. ಮುಂಗಾರು ಆ ಬಿರುಕಿನಲ್ಲಿಯೇ ಪ್ರವೇಶಿಸುತ್ತದೆ. ಧಾರವಾಡ, ಗದಗ, ವಿಜಯಪುರ, ಕಲಬುರ್ಗಿಗಳ ಎರೆಯ ನೆಲದಲ್ಲಿ ಈ ಅನಿಷ್ಟವು ಇಮ್ಮಡಿ. ಎರೆಮಣ್ಣು ನೆನೆದರೆ ಉಬ್ಬುವುದು, ಒಣಗಿದರೆ ಬಾಯಿಬಿಡುವುದು. ಒಕ್ಕಲಿಗರೆಲ್ಲರೂ ಬಲ್ಲ ಮಾತಿದು. ಪಟ್ಟಣಗಳಲ್ಲಿ ಇನ್ನೊಂದು ಬಗೆಯ ಅವಿವೇಕ ನಡೆದಿದೆ. ಹಳೆಯ ಹಾಸಿನ ಮೇಲೆಯೇ ಹೊಸ ಹಾಸನ್ನು ಹಾಕುತ್ತ ಹೋಗಿ, ಮನೆಗಳ ಹೊಸ್ತಿಲು ರಸ್ತೆಗಿಂತ ಕೆಳಗಾಗಿ, ಬೀದಿಯ ನೀರು ಚರಂಡಿಗೆ ಇಳಿಯುವ ಬದಲು ನಡುಮನೆಗೆ ಇಳಿಯುತ್ತದೆ.

2018ರ ಆಗಸ್ಟಿನಲ್ಲಿ ಕೊಡಗಿನ ಮಡಿಕೇರಿ ಸಂಪಾಜೆಗಳ ನಡುವಿನ ಹೆದ್ದಾರಿಯು ಗುಡ್ಡದೊಡನೆ ಜಾರಿದುದನ್ನೂ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಜನರು ಟ್ರ್ಯಾಕ್ಟರು ಹತ್ತಿ ಕಚೇರಿಗೆ ಹೋದುದನ್ನೂ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿದುದನ್ನೂ ವಾಚಕರು ಮರೆತಿರಲಾರರು. ಘಟ್ಟದಲ್ಲಿ ಗುಡ್ಡದ ಬುಡವನ್ನು ಕಡಿದು ರಸ್ತೆಯನ್ನು ಅಗಲಿಸುವವರು ಆ ಗುಡ್ಡದೊಳಗಿನ ನೀರಿಗೆ ಎಲ್ಲಿ ದಾರಿ ಬಿಟ್ಟರೆಂಬುದನ್ನು ಮೊದಲು ತೋರಿಸಲಿ. ನಗರದಲ್ಲಿ ರಾಜಕಾಲುವೆಯ ಮೇಲೆ ಕಟ್ಟಡ ಎಬ್ಬಿಸಿದ ಬಳಿಕ ಎಷ್ಟು ಅಂಗುಲ ಡಾಂಬರು ಹಾಕಿದರೇನು?

ಮೋರಿಯ ವಿಚಾರದಲ್ಲಿ ಒಂದು ಸಣ್ಣ ಗಣಿತವನ್ನು ಹೇಳುವುದು ಉಚಿತ. ಹಿಂದಿನ ಮಳೆಯ ದಾಖಲೆಗಳನ್ನು ನೋಡಿ ಇಂತಿಷ್ಟು ವರ್ಷಕ್ಕೊಮ್ಮೆ ಇಂತಿಷ್ಟು ಮಳೆ ಬರಬಹುದೆಂದು ಊಹಿಸಿ ಇಂಜಿನಿಯರರು ಮೋರಿಯ ಅಳತೆಯನ್ನು ಗೊತ್ತುಮಾಡುತ್ತಾರೆ. ಮಳೆಯೇ ಬದಲಾದರೆ ಹಳೆಯ ದಾಖಲೆ ಸಾಲದು. ಆದರೆ ಇದರ ಪರಿಹಾರಕ್ಕೆ ಬೊಕ್ಕಸ ಬರಿದಾಗಬೇಕಾಗಿಲ್ಲ. ತುಂಬಿ ಹರಿಯುವ ಕೊಳವೆಯ ವ್ಯಾಸವನ್ನು ನೂರಕ್ಕೆ 10ರಷ್ಟು ಹೆಚ್ಚಿಸಿದರೆ ಅದರಲ್ಲಿ ಸಾಗುವ ನೀರು ನೂರಕ್ಕೆ 28ರಷ್ಟಾದರೂ ಹೆಚ್ಚುತ್ತದೆ. ಹೊಸದಾಗಿ ಹೂಳುವಾಗಲೇ ಒಂದು ಅಳತೆ ದೊಡ್ಡ ಕೊಳವೆಯನ್ನು ಹೂಳಿದರೆ ತಗಲುವ ಹೆಚ್ಚಿನ ವೆಚ್ಚಕ್ಕೂ, ರಸ್ತೆಯೊಡನೆ ಕೊಚ್ಚಿಹೋದ ಮೋರಿಯನ್ನು ಮರಳಿ ಕಟ್ಟುವ ವೆಚ್ಚಕ್ಕೂ ಹೋಲಿಕೆಯೇ ಇಲ್ಲ. ಹೂಳು ತುಂಬಿದ ಮೋರಿಯು ಎಷ್ಟು ದೊಡ್ಡದಾದರೂ ಇಲ್ಲದಂತೆಯೇ ಸರಿ. ಹಿಂದೆ ಸಲಿಕೆ ಹಿಡಿದು ತಮ್ಮ ಪಾಲಿನ ಮೈಲಿಗಳನ್ನು ಕಾಯುತ್ತಿದ್ದ ರಸ್ತೆಯ ಗ್ಯಾಂಗ್ ಕೂಲಿಗಳು ಮಳೆಗೆ ಮೊದಲು ಮೋರಿಯ ಬಾಯಿ ಬಿಡಿಸುತ್ತಿದ್ದರು. ಆ ಕೆಲಸವನ್ನು ಈಗ ಯಾರು ಮಾಡಬೇಕೆಂಬುದನ್ನು ಅನೇಕ ಕಡೆ ಕೇಳಿ ತಿಳಿಯಬೇಕಾಗಿರುವುದು. ಹೊಸ ಹಾಸನ್ನು ಉದ್ಘಾಟಿಸಲು ಶಾಸಕರು ಬರುತ್ತಾರೆ. ಬಿಡಿಸಿದ ಮೋರಿಗೆ ಹಾರ ಹಾಕಿಸಿಕೊಂಡವರನ್ನು ನಾವು ಈವರೆಗೆ ಕಂಡಿಲ್ಲ.

ಮೆಕಾಡಮನ ಕಡೆಯ ದಿನಗಳ ಸಂಗತಿಯಿಷ್ಟೇ ಉಳಿದಿದೆ. ಅವನು ಪಾರ್ಲಿಮೆಂಟಿನಿಂದ ತಾನು ವ್ಯಯಿಸಿದ ಹಣವನ್ನು ಕೇಳಿದಾಗ ಪ್ರತಿಫಲ ಬಂದಿತಾದರೂ, ಅನುಮಾನದ ಮಾತುಗಳೂ ವಿಚಾರಣೆಗಳೂ ಅದರೊಡನೆ ಬಂದುವು. 1834ರಲ್ಲಿ ಅವನಿಗೆ ನೈಟ್ ಪದವಿಯನ್ನು ನೀಡಹೋದಾಗ ವೃದ್ಧಾಪ್ಯದ ಕಾರಣ ಅವನು ಬೇಡವೆಂದನು. ಅದು ಅವನ ಮಗ ಜೇಮ್ಸ್‌ಗೆ ಸಂದಿತು. ಅಷ್ಟು ಹೊತ್ತಿಗೆ ಲಿವರ್‌ಪೂಲ್ ಮ್ಯಾಂಚೆಸ್ಟರುಗಳ ನಡುವೆ ರೈಲು ಓಡತೊಡಗಿ ನಾಲ್ಕು ವರ್ಷಗಳಾಗಿದ್ದುವು, ಸುಂಕದ ಕಟ್ಟೆಗಳ ಕಾಲವು ಮುಗಿಯಬಂದಿದ್ದಿತು. ವರ್ಷಕ್ಕೊಮ್ಮೆ ಸ್ಕಾಟ್ಲೆಂಡಿಗೆ ಹೋಗಿಬರುವ ಪದ್ಧತಿಯನ್ನು ಮಾತ್ರ ಅವನು ಬಿಡಲಿಲ್ಲ. 1836ರಲ್ಲಿ ಹಾಗೆ ಹೋಗಿ ಹಿಂತಿರುಗುವಾಗ ಮೊಫಟ್ ಎಂಬ ಊರಿನಲ್ಲಿ ಅಸ್ವಸ್ಥನಾಗಿ, ನವೆಂಬರ್ 26ರಂದು ತನ್ನ ಎಂಬತ್ತನೆಯ ವಯಸ್ಸಿನಲ್ಲಿ ದಾರಿಯಲ್ಲಿಯೇ ತೀರಿಕೊಂಡನು. ಅಲ್ಲಿಯೇ ಅವನನ್ನು ಮಣ್ಣು ಮಾಡಿದರು.